ಹೆಸರಲ್ಲಿ ಗೋಲ್ಡು, ಒಳಗೆಲ್ಲ ತಾಮ್ರ

ಪ್ರಶ್ನೆ: ಅಮೆರಿಕದಲ್ಲಿರೋ ನಮ್ಮ ಭಾವನಿಗೆ ಕಲ್ಲು ಕೂಡಿಡೋ ಹುಚ್ಚು. ಮೊನ್ನೆ ಒಂದು ಬೂದು ಕಲ್ಲಿನ ಫೋಟೊ ಕಳ್ಸಿ ಇದು ಗೋಲ್ಡ್‌ಫೀಲ್ಡೈಟು, ಒಳಗೆ ಟೆಲ್ಯೂರಿಯಂ ಅನ್ನೋ ಅಪರೂಪದ ಧಾತು ಇದೆ ಅಂದ್ರು. ಹೆಸರು ನಮ್ಮ ಕೆಜಿಎಫ್‌ದಾ? ಚಿನ್ನ ಎಷ್ಟಿರತ್ತೆ?
– ಓದುಗರೊಬ್ಬರು, ಬಂಗಾರಪೇಟೆ

ಉತ್ತರ: ಬಂಗಾರಪೇಟೆಯೋರಿಗೆ ಈ ಡೌಟು ಬರ್ದೆ ಇನ್ಯಾರಿಗೆ ಬರ್ಬೇಕು ಹೇಳಿ! ಆದ್ರೆ ಕೆಜಿಎಫ್‌ಗೂ ಇದಕ್ಕೂ ನಂಟಿಲ್ಲ. ಇದು ಅಮೆರಿಕದ ನೆವಾಡಾದ ಗೋಲ್ಡ್‌ಫೀಲ್ಡ್ ಅನ್ನೋ ಗಣಿ ಊರಿನ ಹೆಸರು, ಅಲ್ಲಿನ ಮೊಹಾಕ್ ಗಣಿಯಲ್ಲಿ ಸಿಕ್ಕಿದ್ದು, 1909ರಲ್ಲಿ ರ‍್ಯಾನ್ಸಮ್ ಅನ್ನೋ ಭೂವಿಜ್ಞಾನಿ ಹೆಸರಿಟ್ರು. ಇನ್ನು ಚಿನ್ನ, ಖನಿಜದ ಫಾರ್ಮುಲಾದಲ್ಲಿ ಸೊನ್ನೆ. ಇರೋದು ತಾಮ್ರ, ಟೆಲ್ಯೂರಿಯಂ, ಗಂಧಕ ಅಷ್ಟೇ. ಟೆಲ್ಯೂರಿಯಂ ಜೊತೆ ಚಿನ್ನಾನೂ ಬೇಕು ಅಂದ್ರೆ ಭಾವನಿಗೆ ಕ್ಯಾಲವರೈಟ್ ಹುಡುಕೋಕೆ ಹೇಳಿ, ಅದ್ರಲ್ಲಿ ತೂಕದ 100ಕ್ಕೆ 40ಕ್ಕಿಂತ ಜಾಸ್ತಿ ಚಿನ್ನಾನೇ.

ಆದ್ರೂ ಈ ಕಲ್ಲನ್ನ ಕಡೆಗಣಿಸ್ಬೇಡಿ, ಇದರ ಲೆಕ್ಕಾಚಾರ ಸಖತ್ತಾಗಿದೆ. ಇದು ಟೆಟ್ರಹೆಡ್ರೈಟ್ ಅನ್ನೋ ಸಲ್ಫೋಸಾಲ್ಟ್ ಮನೆತನದ್ದು, ಅಂದ್ರೆ ಗಂಧಕದ ಜೊತೆ ತಾಮ್ರದಂಥ ಲೋಹ, ಮೇಲೆ ಆಂಟಿಮನಿ ಥರದ ಅರೆಲೋಹ ಸೇರಿರೋ ಜಾತಿ. ಈ ಮನೇಲಿ 13 ಗಂಧಕದ ಪರಮಾಣು, ತಲಾ 2ರಂತೆ 26 ಋಣ ಚಾರ್ಜು, ಅದನ್ನ ಉಳಿದೋರು ತುಂಬಿಕೊಡ್ಬೇಕು. ಮಾಮೂಲಿ ಟೆಟ್ರಹೆಡ್ರೈಟಲ್ಲಿ 4 ಆಂಟಿಮನಿ ತಲಾ 3 ಕೊಟ್ಟು 12, 10 ತಾಮ್ರ ಒಂದೊಂದು ಕೊಟ್ಟು 10, ಬಾಕಿ 4ನ್ನ ಎರಡು ಸತು ಇಲ್ಲಾ ಕಬ್ಬಿಣ ತುಂಬ್ತವೆ. ಈಗ ಆಂಟಿಮನಿ ಜಾಗಕ್ಕೆ ಟೆಲ್ಯೂರಿಯಂ ಬಂತು ಅನ್ಕೊಳ್ಳಿ, ಅದು ತಲಾ 4 ಕೊಡತ್ತೆ, 16 ಅಲ್ಲೇ ಆಯ್ತು, 10 ತಾಮ್ರ ಸೇರಿದ್ರೆ 26, ಸತು ಕಬ್ಬಿಣಕ್ಕೆ ಮನೇಲಿ ಕೆಲ್ಸಾನೇ ಇಲ್ಲ! ಅವು ಕೂರ್ತಿದ್ದ ಎರಡು ಸೀಟು ಖಾಲಿ ಉಳ್ಕೊಳತ್ತೆ.

ಕಣ್ಣಿಗೆ ಗಾಢ ಬೂದು, ಲೋಹದ ಹೊಳಪು, ಗಡಸುತನ 10ರ ಮೋಸ್ ಅಳತೇಲಿ 3ರಿಂದ 3.5, ಚಾಕು ತಾಗಿದ್ರೆ ಗೀರು ಬೀಳತ್ತೆ. ಜ್ವಾಲಾಮುಖಿ ಕಲ್ಲಿನ ಬಿರುಕಲ್ಲಿ ಬಿಸಿ ಆಮ್ಲೀಯ ನೀರು ಹರಿದ ಕಡೆ ಹುಟ್ಟತ್ತೆ, ಪಕ್ಕದಲ್ಲೇ ಚಿನ್ನದ ಥರ ಹೊಳೆಯೋ ಪೈರೈಟು, ಒಮ್ಮೊಮ್ಮೆ ನಿಜವಾದ ಚಿನ್ನಾನೂ ಇರತ್ತೆ. ಉಜ್ಬೇಕಿಸ್ತಾನದ ಕೊಚ್‌ಬುಲಾಕ್, ಜಪಾನಿನ ಕವಾಜು ಗಣೀಲೂ ಸಿಕ್ಕಿದೆ. ಅಂದಹಾಗೆ ಟೆಲ್ಯೂರಿಯಂ ಮೈಗೆ ಸೇರಿದ್ರೆ ಉಸಿರು ಬೆಳ್ಳುಳ್ಳಿ ನಾತ ಹೊಡೆಯತ್ತೆ, ಕಲ್ಲನ್ನ ಉಜ್ಜಿ ಪುಡಿ ಮಾಡೋ ಸಾಹಸ ಬೇಡ ಅನ್ನಿ.

ಭಾವನಿಗೆ ಇನ್ನೊಂದು ಕೇಳಿ, ಲ್ಯಾಬಲ್ಲಿ ಮೈಕ್ರೋಪ್ರೋಬ್ ಟೆಸ್ಟ್, ಅಂದ್ರೆ ಎಲೆಕ್ಟ್ರಾನ್ ಕಿರಣ ಬಿಟ್ಟು ಯಾವ ಧಾತು ಎಷ್ಟಿದೆ ಅಂತ ಅಳೆಯೋ ಪರೀಕ್ಷೆ, ಮಾಡ್ಸಿದಾರಾ ಅಂತ. ಯಾಕಂದ್ರೆ ಟೆಟ್ರಹೆಡ್ರೈಟೂ ನೋಡೋಕೆ ಹೀಗೇ ಇರತ್ತೆ, ಸಾಲದ್ದಕ್ಕೆ ಎರಡು ಆಂಟಿಮನಿ ಎರಡು ಟೆಲ್ಯೂರಿಯಂ ಇರೋ ತಳಿಗೆ ಈಚೆಗೆ ಸ್ಟಿಬಿಯೊಗೋಲ್ಡ್‌ಫೀಲ್ಡೈಟ್ ಅಂತ ಬೇರೆ ಹೆಸರೇ ಇಟ್ಟಿದಾರೆ, ಅದೂ ಅದೇ ಮೊಹಾಕ್ ಗಣೀದು. ಹಳೇ ಲೇಬಲ್ಲಿನ ಕಲ್ಲು ಇವೆರಡ್ರಲ್ಲಿ ಯಾವ್ದೂ ಆಗಿರ್ಬೋದು.