ಡಿಸ್ಕ್ ಸರಿ ಇದ್ದರೂ ಕೀಲು ಸವೆಯುತ್ತಾ?

ಓದುಗರ ಪತ್ರ: ಸೊಂಟ ನೋವೆಂದು ಎಂಆರ್‌ಐ ಮಾಡಿಸಿದೆ. ಡಿಸ್ಕ್ ಚೆನ್ನಾಗಿದೆ, ಫ್ಯಾಸೆಟ್ ಕೀಲು ಸವೆದಿದೆ ಎಂದು ವರದಿ ಬಂದಿದೆ. ಡಿಸ್ಕೇ ಅಲ್ವಾ ಬೆನ್ನಿನ ಕೀಲು? ಮೈ ಮುರಿದಾಗ ಲಟಕ್ ಅನ್ನುವುದು ಮೂಳೆ ಉಜ್ಜುವ ಸದ್ದೇ?

ಸಂಪಾದಕರ ಉತ್ತರ: ಬೆನ್ನು ನೋವು ಅಂದ ಕೂಡಲೇ ನಾವೆಲ್ಲ ಡಿಸ್ಕ್ ಮೇಲೆ ಗೂಬೆ ಕೂರಿಸುತ್ತೇವೆ. ಅದರ ಹಿಂದೆ ಇನ್ನೆರಡು ಕೀಲುಗಳಿವೆ.

ಬೆನ್ನುಮೂಳೆಯ ಒಂದೊಂದು ಮೂಳೆಯನ್ನೂ ಮಣಿ ಅನ್ನೋಣ. ಕುತ್ತಿಗೆಯ ಎರಡನೇ ಮಣಿಯಿಂದ ಸೊಂಟದ ಕೊನೆಯವರೆಗೆ, ಪ್ರತಿ ಮಣಿಯೂ ಕೆಳಗಿನದಕ್ಕೆ ಮೂರು ಕಡೆ ಸೇರುತ್ತದೆ. ಮುಂದೆ ಡಿಸ್ಕ್, ಹಿಂದೆ ಎಡಬಲಕ್ಕೆ ಒಂದೊಂದು ಪುಟ್ಟ ಫ್ಯಾಸೆಟ್. ಡಿಸ್ಕ್ ಕೂಡ ಕೀಲೇ, ಜಾತಿ ಬೇರೆ. ಹೊರಗೆ ನಾರಿನ ಗಟ್ಟಿ ಸುತ್ತುಗಳು, ಒಳಗೆ ನೀರು ತುಂಬಿದ ಲೋಳೆ. ಹಗಲು ಭಾರಕ್ಕೆ ಒಂದಿಷ್ಟು ನೀರು ಹಿಂಡಿಹೋಗುತ್ತದೆ, ರಾತ್ರಿ ಮಲಗಿದಾಗ ಮತ್ತೆ ಹೀರಿಕೊಳ್ಳುತ್ತದೆ. ಬೆಳಿಗ್ಗೆ ನಾವು ಒಂದು ಸೆಂಟಿಮೀಟರಿನಷ್ಟು ಎತ್ತರ ಜಾಸ್ತಿ ಇರುವುದು ಇದರಿಂದಲೇ!

ಫ್ಯಾಸೆಟ್ ಮಂಡಿಯ ಜಾತಿಗೆ ಸೇರಿದ್ದು. ಮೂಳೆಯ ಮೇಲೆ ನುಣುಪಾದ ಮೃದ್ವಸ್ಥಿ, ಸುತ್ತ ಚೀಲ, ಒಳಗೆ ತುಸು ಜಾರುವ ದ್ರವ. ಹಾಗಾಗಿ ಮಂಡಿ ಸವೆದಂತೆ ಇದೂ ಸವೆಯುತ್ತದೆ. ಡಿಸ್ಕ್ ತೆಳುವಾದರೆ ಭಾರ ಇದರ ಮೇಲೆ ಬಿದ್ದು ಸವೆತ ಹೆಚ್ಚುವುದುಂಟು, ಡಿಸ್ಕ್ ಸರಿ ಇದ್ದಾಗಲೂ ಆಗಬಹುದು. ಲಟಕ್ ಸದ್ದಿಗೆ ಸಾಮಾನ್ಯವಾಗಿ ಆ ದ್ರವದಲ್ಲಿನ ಗಾಳಿಗುಳ್ಳೆ ಕಾರಣ. ನೋವಿಲ್ಲದಿದ್ದರೆ ಸುಮ್ನೆ ಬಿಟ್ಟುಬಿಡಿ.

ಫ್ಯಾಸೆಟ್ ಯಾವ ಕಡೆ ಮುಖ ಮಾಡಿದೆ ಅನ್ನುವುದರ ಮೇಲೆ ಬೆನ್ನಿನ ಆಟ ನಿಂತಿದೆ. ಸೊಂಟದಲ್ಲಿ ಇವು ಹೆಚ್ಚುಕಡಿಮೆ ನೆಟ್ಟಗೆ ಎದುರುಬದುರು ನಿಂತ ಗೋಡೆಗಳಂತಿವೆ. ಬಗ್ಗಲು ಬಿಡುತ್ತವೆ, ತಿರುಚಲು ಅಷ್ಟಾಗಿ ಬಿಡುವುದಿಲ್ಲ. ಕುರ್ಚಿಯಲ್ಲಿ ಕೂತೇ ಹಿಂದೆ ತಿರುಗಿ ನೋಡಿ. ಸೊಂಟ ತಿರುಗಿದಂತೆ ಅನಿಸಿದರೂ ತಿರುಗಿದ್ದು ಬಹುಪಾಲು ಎದೆಯ ಭಾಗ ಮತ್ತು ಕತ್ತು.

ಕತ್ತಿನ ತುದಿಯ ಕಥೆಯೇ ಬೇರೆ. ಅಲ್ಲಿ ಡಿಸ್ಕೇ ಇಲ್ಲ. ತಲೆಬುರುಡೆಗೂ ಮೊದಲ ಮಣಿಗೂ ನಡುವಿನ ಕೀಲು ‘ಹೌದು’ ಎಂದು ತಲೆಯಾಡಿಸಲು. ಎರಡನೇ ಮಣಿಯಿಂದ ಮೇಲೆದ್ದ ಗೂಟದ ಸುತ್ತ ಮೊದಲ ಮಣಿ ತಿರುಗುವುದು ‘ಇಲ್ಲ’ ಅನ್ನಲು. ಕತ್ತು ತಿರುಗುವುದರಲ್ಲಿ ಸುಮಾರು ಅರ್ಧ ಇಲ್ಲಿಯದೇ. ನಮ್ಮವರ ‘ಆಯ್ತಾಯ್ತು’ ತಲೆಯಾಟ ಮಾತ್ರ ಇಷ್ಟಕ್ಕೇ ಆಗುವುದಿಲ್ಲ, ಕೆಳಗಿನ ಮಣಿಗಳೂ ಕೈಜೋಡಿಸಬೇಕು.

ವರದಿ ನೋಡಿ ಗಾಬರಿಯಾಗಬೇಡಿ. ನೋವೇ ಇಲ್ಲದ ಎಷ್ಟೋ ಜನರಲ್ಲೂ ವಯಸ್ಸಾದಂತೆ ಈ ಸವೆತ ಕಾಣುತ್ತದೆ. ಹಿಂದಕ್ಕೆ ಬಾಗಿದಾಗ ನೋವು ಜಾಸ್ತಿಯಾಗುತ್ತದೆಯೇ ಎಂದು ಗಮನಿಸಿ ವೈದ್ಯರಿಗೆ ಹೇಳಿ. ಕಾಲಿನ ಬಲ ಕುಂದಿದರೆ ಅಥವಾ ಮೂತ್ರದ ಹಿಡಿತ ತಪ್ಪಿದರೆ ಕಾಯಬೇಡಿ, ಆ ಕ್ಷಣವೇ ಆಸ್ಪತ್ರೆಗೆ ಹೋಗಿ.