ಜಿನ್ ಇದೆ ಎಂದು ನಂಬುವವರು ಡಾಕ್ಟರ್ ಹತ್ತಿರ ಹೋಗಬಹುದೇ?

ಪ್ರಶ್ನೆ: ನಮ್ಮದು ದಾವಣಗೆರೆಯ ಬಾಷಾ ನಗರ. ತಮ್ಮನಿಗೆ 22 ವರ್ಷ, ಮಂಡಕ್ಕಿ ಭಟ್ಟಿಯಲ್ಲಿ ಕೆಲಸ. ಬಕ್ರೀದ್ ಕಳೆದ ಮೇಲೆ ಅವನಿಗೆ ನಿದ್ದೆಯೇ ಇಲ್ಲ. ಭಟ್ಟಿಯ ಬೆಂಕಿಯೊಳಗಿಂದ ಜಿನ್ ಹೆಸರು ಹಿಡಿದು ಕರೆಯುತ್ತೆ, ಬೈಯುತ್ತೆ ಅನ್ನುತ್ತಾನೆ. ಕೆಲಸ ಬಿಟ್ಟಿದ್ದಾನೆ. ಊಟದಲ್ಲಿ ಏನೋ ಹಾಕಿದ್ದಾರೆ ಎಂದು ಅಮ್ಮಿ ಬಡಿಸಿದ್ದನ್ನೂ ಮುಟ್ಟುವುದಿಲ್ಲ. ಜಿನ್ ಬಿಡಿಸುವ ಒಬ್ಬ ಆಮಿಲ್ ತಾವೀಜ್ ಕಟ್ಟಿದರು. ಈಗ ಇನ್ನೊಬ್ಬರು, ಮೆಣಸಿನಕಾಯಿ ಹೊಗೆ ಹಾಕಿ ಹೊಡೆದೇ ಬಿಡಿಸಬೇಕು ಅನ್ನುತ್ತಿದ್ದಾರೆ. ಆಸ್ಪತ್ರೆಗೆ ಹೋಗೋಣ ಅಂದರೆ ಅಮ್ಮಿ ಅಳುತ್ತಾರೆ. ಕುರಾನಿನಲ್ಲೇ ಜಿನ್ ಇದೆಯಲ್ಲ, ಡಾಕ್ಟರ್ ಮಾತು ಕೇಳಿದರೆ ಈಮಾನ್ (ಧರ್ಮದ ಮೇಲಿನ ನಂಬಿಕೆ) ಹೋಗುತ್ತೆ ಅಂತ ಅವರ ಭಯ. ನನ್ನ ಮದುವೆ ಮಾತುಕತೆಯೂ ನಡೆಯುತ್ತಿದೆ. ಹುಚ್ಚರ ಮನೆ ಅಂತ ಹೆಸರು ಬಂದರೆ ಏನು ಮಾಡಲಿ?
– ಹೆಸರು ಬೇಡ

ಉತ್ತರ: ಮೊದಲು ಆ ಹೊಗೆಯನ್ನು ತಡೆಯಿರಿ. ಉಳಿದದ್ದೆಲ್ಲ ಆಮೇಲೆ. ಊಟ, ನಿದ್ದೆ ಇಲ್ಲದೆ ಸೊರಗಿದ ಹುಡುಗನನ್ನು ಹೊಗೆಯಲ್ಲಿ ಕೂರಿಸಿ ಹೊಡೆದರೆ ಜೀವಕ್ಕೇ ಅಪಾಯ. ದೆವ್ವ ಬಿಡಿಸುತ್ತೇವೆ ಎಂದು ಹೊಡೆಯುವುದು ಕರ್ನಾಟಕದ 2017ರ ಮೌಢ್ಯ ವಿರೋಧಿ ಕಾಯ್ದೆಯಲ್ಲಿ ಅಪರಾಧ. ಅದೇ ವರ್ಷದ ಕೇಂದ್ರದ ಮಾನಸಿಕ ಆರೋಗ್ಯ ಕಾಯ್ದೆ, ಕಾಯಿಲೆಯವರನ್ನು ಸರಪಳಿಯಲ್ಲಿ ಕಟ್ಟುವುದನ್ನೂ ನಿಷೇಧಿಸಿದೆ. ತಮಿಳುನಾಡಿನ ಏರ್ವಾಡಿ ದರ್ಗಾ ಹತ್ತಿರದ ಒಂದು ಆಶ್ರಯದಲ್ಲಿ 2001ರ ಆಗಸ್ಟ್ 6ರಂದು ಬೆಂಕಿ ಬಿತ್ತು. 28 ಜನ ಸತ್ತರು. ಸರಪಳಿ ಹಾಕಿದ್ದರಿಂದ ಅವರು ಓಡಲಾಗಲಿಲ್ಲ. ಅವರನ್ನು ಅಲ್ಲಿಗೆ ಕರೆತಂದ ಎಷ್ಟೋ ಮನೆಯವರೂ ನಿಮ್ಮ ಅಮ್ಮಿಯ ಹಾಗೆ, ವಾಸಿಯಾಗಲಿ ಎಂದೇ ಬಂದಿದ್ದರು.

ಈಗ ಅಮ್ಮಿಯ ಭಯಕ್ಕೆ ಬರುತ್ತೇನೆ. ನಾನೂ ಮುಸ್ಲಿಂ ಮನೆಯಲ್ಲಿ ಬೆಳೆದವಳು. ಜಿನ್ ಎಂಬ ಹೆಸರಿನ ಸೂರಾವೇ (ಅಧ್ಯಾಯವೇ) ಕುರಾನಿನಲ್ಲಿದೆ, 72ನೆಯದು. ಹೊಗೆಯಿಲ್ಲದ ಬೆಂಕಿಯಿಂದ ಜಿನ್‌ಗಳ ಸೃಷ್ಟಿಯಾಯಿತು ಎಂದು ಸೂರಾ ರಹ್ಮಾನ್ ಹೇಳುತ್ತದೆ. ಅದನ್ನು ನಂಬುವುದು ಕಾಯಿಲೆಯಲ್ಲ. ಸಮುದಾಯ ಒಟ್ಟಾಗಿ ನಂಬುವುದನ್ನು ಮನೋರೋಗ ಎಂದು ಬರೆಯಬಾರದು ಅಂತ ಮನೋರೋಗದ ಬಗೆಗಿನ ನಮ್ಮ ಓದಿನಲ್ಲೇ ಕಲಿಸುತ್ತಾರೆ. ಆದರೆ ಜಿನ್ ಇದೆ ಎನ್ನುವುದು ಒಂದು ಮಾತು, ನನ್ನ ಮಗನಿಗೆ ಬಂದಿರುವುದು ಜಿನ್ನೇ ಎನ್ನುವುದು ಬೇರೆ ಮಾತು. ಈ ಎರಡನೆಯದನ್ನು ಯಾವ ಸೂರಾವೂ ಹೇಳಿಲ್ಲ. ಹೇಳಿದ್ದು ಆ ಆಮಿಲ್, ಅಲ್ವಾ?

ಇಷ್ಟು ವರ್ಷ ರೋಗಿಗಳ ಜೊತೆ ಕೂತು ನಾನು ಕಂಡದ್ದು ಇದು. ಕಿವಿಯಲ್ಲಿ ದನಿ ಕೇಳುವ ಕಾಯಿಲೆ ಎಲ್ಲ ಜಾತಿಯವರಿಗೂ ಬರುತ್ತದೆ. ಒಂದು ಮನೆಯಲ್ಲಿ ಅದು ಸತ್ತ ಅತ್ತೆಯ ದನಿ, ಇನ್ನೊಂದರಲ್ಲಿ ಚೌಡಿ. ಇಂಜಿನಿಯರಿಂಗ್ ಓದುವ ಹುಡುಗನಿಗೆ ಮೊಬೈಲಿನೊಳಗಿಂದ ಪೊಲೀಸರು ಮಾತಾಡುತ್ತಾರೆ. ನಿಮ್ಮ ತಮ್ಮ ಜಿನ್ ಕಥೆ ಕೇಳುತ್ತಾ ಬೆಳೆದವನು, ದಿನವಿಡೀ ಭಟ್ಟಿಯ ಉರಿಯ ಮುಂದೆ ನಿಲ್ಲುವವನು. ಅವನಿಗೆ ದನಿ ಬೆಂಕಿಯಿಂದ ಬರದೆ ಎಲ್ಲಿಂದ ಬರಬೇಕು? ಹೆಸರು ಬೇರೆಯಾದರೂ ಉಳಿದದ್ದು ಒಂದೇ: ನಿದ್ದೆ ಹೋಗುತ್ತದೆ, ಅನುಮಾನ ಬರುತ್ತದೆ, ಊಟ, ಕೆಲಸ ಬಿಡುತ್ತಾರೆ. ಹದಿಹರೆಯ ಮುಗಿದು ಇಪ್ಪತ್ತು ದಾಟುವ ವಯಸ್ಸಿನಲ್ಲೇ ಇದು ಜಾಸ್ತಿ ಶುರುವಾಗುವುದು. ನೋಡದೆ ನಾನು ಕಾಯಿಲೆಯ ಹೆಸರು ಹೇಳಬಾರದು. ಗಾಂಜಾದಿಂದಲೂ ಹೀಗಾಗಬಹುದು, ಮಿದುಳಿನ ಸೋಂಕಿನಿಂದಲೂ ಆಗಬಹುದು. ಅದಕ್ಕೇ ಪರೀಕ್ಷೆ ಬೇಕು.

ದುವಾ (ಪ್ರಾರ್ಥನೆ) ಬಿಡಬೇಕಾಗಿಲ್ಲ. ಅಮ್ಮಿ ಕುರಾನಿನ ಫಾತಿಹಾ, ಆಯತುಲ್ ಕುರ್ಸಿ ಓದಿ ಅವನ ಮೇಲೆ ಊದಲಿ. ಅದಕ್ಕೆ ಯಾರಿಗೂ ದುಡ್ಡು ಕೊಡಬೇಕಿಲ್ಲ. ಮದ್ದಿಲ್ಲದ ರೋಗವನ್ನು ಅಲ್ಲಾಹನು ಇಳಿಸಿಲ್ಲ ಎಂಬ ಹದೀಸ್ (ಪ್ರವಾದಿಯವರ ಮಾತು) ಬುಖಾರಿ ಎಂಬ ಹದೀಸ್ ಸಂಗ್ರಹದಲ್ಲಿದೆ. ಅದೇ ಬುಖಾರಿಯಲ್ಲಿ, ಫಿಟ್ಸ್ ಬಂದು ಬೀಳುತ್ತಿದ್ದ ಹೆಂಗಸೊಬ್ಬಳು ಪ್ರವಾದಿಯವರ ಹತ್ತಿರ ಬಂದ ಪ್ರಸಂಗವೂ ಇದೆ. ಬಿದ್ದಾಗ ಬಟ್ಟೆ ಸರಿಯುತ್ತೆ ಎಂಬುದು ಅವಳ ಸಂಕಟ. ಅವರು ಅವಳ ಮಾನಕ್ಕಾಗಿ ದುವಾ ಮಾಡಿದರು. ಹೊಡೆಯಲಿಲ್ಲ, ಹೊಗೆ ಹಾಕಿಸಲಿಲ್ಲ. ಆ ಆಮಿಲ್ ಮತ್ತೆ ಮನೆಗೆ ಬಂದರೆ ಇದನ್ನು ಓದಿ ಹೇಳಿ. ಗುಜರಾತಿನ ಉನಾವಾದಲ್ಲಿ ಮೀರಾ ದಾತಾರ್ ದರ್ಗಾ ಇದೆ. ಅಲ್ಲಿ 2008ರಿಂದ ದವಾ–ದುವಾ (ಮದ್ದು–ಪ್ರಾರ್ಥನೆ) ಎಂಬ ಕೆಲಸ ನಡೆದಿದೆ. ದರ್ಗಾ ನೋಡಿಕೊಳ್ಳುವ ಮುಜಾವರರು ದುವಾ ಮಾಡಿ, ಅಲ್ಲೇ ಇರುವ ಡಾಕ್ಟರ ಹತ್ತಿರ ಕಳಿಸುತ್ತಾರೆ. ನಮ್ಮೂರಲ್ಲೂ ಹಾಗಾಗಲಿ ಎಂಬುದು ನನ್ನ ದೊಡ್ಡ ಆಸೆ.

ಮದುವೆಯ ಭಯ ಸುಮ್ನೆ ಹುಟ್ಟಿದ್ದಲ್ಲ, ಒಪ್ಪುತ್ತೇನೆ. ಆದರೆ ರಾತ್ರಿಯೆಲ್ಲ ಅವನು ಕೂಗಾಡುವುದು ಗಲ್ಲಿಗೆ ಕೇಳಿಸದೇ ಇರುತ್ತಾ? ಔಷಧಿ ತಗೊಂಡು ಮತ್ತೆ ಕೆಲಸಕ್ಕೆ ಹೋಗುವ ತಮ್ಮನಿಂದ ನಿಮಗೆ ಕೆಟ್ಟ ಹೆಸರು ಬರುವುದಿಲ್ಲ. ಒಬ್ಬರಿಗೆ ಬಂದರೆ ಒಡಹುಟ್ಟಿದವರಿಗೆ ಅಪಾಯ ಸ್ವಲ್ಪ ಹೆಚ್ಚು, ನಿಜ. ಆದರೂ ಹೆಚ್ಚಿನವರಿಗೆ ಬರುವುದೇ ಇಲ್ಲ.

ಚಿಗಟೇರಿ ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗಕ್ಕೆ ಈ ವಾರವೇ ಹೋಗಿ. ಜಿನ್ ಸುಳ್ಳು ಎಂದು ಅವನ ಜೊತೆ ವಾದ ಬೇಡ. ನಿದ್ದೆ ಬರಲಿ ಅಂತ ಹೋಗೋಣ ಅನ್ನಿ. ಅವನಿಗೆ ಬೇಕಿರುವುದೂ ಅದೇ. ನಿದ್ದೆ ಕೆಲವು ದಿನಗಳಲ್ಲಿ ಸರಿಹೋಗಬಹುದು, ದನಿ ಇಳಿಯಲು ವಾರಗಳು ಬೇಕು. ಹುಷಾರಾದ ಎಂದು ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ರಂಜಾನ್ ಬಂದರೆ ಮಾತ್ರೆಯನ್ನು ಸಹರಿ (ನಸುಕಿನ ಊಟ), ಇಫ್ತಾರ್‌ಗೆ ಹೊಂದಿಸಿ ಕೊಡಲು ಆಗುತ್ತಾ ಎಂದು ಡಾಕ್ಟರನ್ನೇ ಕೇಳಿ. ಸಾಯುವ ಮಾತಾಡಿದರೆ, ಇಲ್ಲವೇ ಯಾರಿಗಾದರೂ ಹೊಡಿ ಎಂದು ದನಿ ಹೇಳುತ್ತಿದೆ ಅಂದರೆ, ಬೆಳಗಾಗುವ ತನಕ ಕಾಯದೆ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ. ಟೆಲಿ ಮನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಅಮ್ಮಿಯನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ. ಅವನ ಹೆರಿಗೆ ಹೇಗಾಯಿತು, ಚಿಕ್ಕಂದಿನಲ್ಲಿ ಫಿಟ್ಸ್ ಬಂದಿತ್ತಾ, ತವರಿನಲ್ಲಿ ಯಾರಿಗಾದರೂ ಹೀಗಾಗಿತ್ತಾ ಎಂದೆಲ್ಲ ಡಾಕ್ಟರ್ ಕೇಳುತ್ತಾರೆ. ಅದನ್ನು ಹೇಳಬಲ್ಲವರು ಅಮ್ಮಿ ಒಬ್ಬರೇ.