ಶಿವಮೊಗ್ಗದಲ್ಲಿ ಬಾಡಿಗೆಗೆ ಕೊಡೋಕೆ ಒಂದು ಮನೆ ತೆಗೆದುಕೊಳ್ಳಬೇಕು, ಎಲ್ಲಿಂದ ಶುರು ಮಾಡಲಿ?

ನಿಮಗೆ ಬೆಂಗಳೂರಿನಲ್ಲಿ ಕೆಲಸ, ಊರು ಶಿವಮೊಗ್ಗ, ಕೈಯಲ್ಲಿ 20 ಲಕ್ಷ ಇದೆ. 45 ಲಕ್ಷದ ಒಂದು ಬಿಡಿ ಮನೆ ನೋಡಿದ್ದೀರಿ. 30 ಲಕ್ಷ ಸಾಲ ಮಾಡಿದರೆ ಬಾಡಿಗೆಯಲ್ಲೇ ಕಂತು ತೀರುತ್ತಾ ಅಂತ ಕೇಳಿದ್ದೀರಿ.

ತೀರೋದಿಲ್ಲ. ಶೇ 8.5 ಬಡ್ಡಿ, 20 ವರ್ಷ ಅಂದರೆ ಕಂತು ತಿಂಗಳಿಗೆ ಸುಮಾರು 26 ಸಾವಿರ. ಆ ಮನೆಗೆ 13 ಸಾವಿರ ಬಾಡಿಗೆ ಬಂತು ಅಂತಲೇ ಇಟ್ಟುಕೊಳ್ಳಿ. ಉಳಿದ ಅರ್ಧ ನಿಮ್ಮ ಸಂಬಳದಿಂದಲೇ ಹೋಗಬೇಕು, ಅದೂ ಮನೆ ಒಂದು ತಿಂಗಳೂ ಖಾಲಿ ಬೀಳದಿದ್ದರೆ. ಇನ್ನು ನೋಂದಣಿ ಖರ್ಚು. ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ಸು, ಸರ್‌ಚಾರ್ಜು. ನೋಂದಣಿ ಶುಲ್ಕ ಬೇರೆ, ಅದು 2025ರ ಆಗಸ್ಟ್ 31ರಿಂದ ಶೇ 1 ಇದ್ದದ್ದು 2 ಆಗಿದೆ. ಎಲ್ಲ ಸೇರಿ ಶೇ 7.6ರ ಹತ್ತಿರ. 45 ಲಕ್ಷಕ್ಕೆ 3 ಲಕ್ಷ 42 ಸಾವಿರ ಆಯ್ತು. ಕೈಯಿಂದ 15 ಲಕ್ಷ, ಇದು ಮೂರೂವರೆ. ನಿಮ್ಮ ಹತ್ತಿರ ಉಳಿಯೋದು ಒಂದೂವರೆ ಲಕ್ಷ. ಕಂತಿನ ಭಾರ ಹೊತ್ತುಕೊಂಡು ರಿಪೇರಿಗೂ ಖಾಲಿ ತಿಂಗಳಿಗೂ ಅಷ್ಟೇ ದುಡ್ಡು ಅಂದರೆ ನನಗೆ ಭಯ ಆಗುತ್ತದೆ.

ನಿಮ್ಮ ಜಾಗದಲ್ಲಿ ನಾನಿದ್ದರೆ 32 ಲಕ್ಷದೊಳಗೆ ಇಪ್ಪತ್ತು ಮೂವತ್ತರ ಸೈಟಿನ ಹಳೇ ಮನೆ ಹುಡುಕುತ್ತಿದ್ದೆ. ಸಾಲ 16 ಲಕ್ಷ ದಾಟಿಸುತ್ತಿರಲಿಲ್ಲ. ಆಗ ಕಂತು 14 ಸಾವಿರದೊಳಗೆ ನಿಲ್ಲುತ್ತದೆ. ಒಂಬತ್ತು ಒಂಬತ್ತೂವರೆ ಸಾವಿರ ಬಾಡಿಗೆ ಬಂದರೆ ಕೈಯಿಂದ ಹಾಕೋದು ನಾಲ್ಕೈದು ಸಾವಿರ. ಎರಡು ತಿಂಗಳು ಮನೆ ಖಾಲಿ ಇದ್ದರೂ ನಿದ್ದೆ ಕೆಡೋದಿಲ್ಲ.

ಈಗ ನಾನು ಹೇಳಲೇಬೇಕಾದ ಮಾತು. ಮಲೆನಾಡಿನಲ್ಲಿ ಮನೆಯನ್ನು ಬೇಸಿಗೆಯಲ್ಲಿ ನೋಡಿ ಅಡ್ವಾನ್ಸ್ ಕೊಡಬೇಡಿ.

ನಾನು ಮತ್ತು ನಮ್ಮ ಯಜಮಾನರು 2016ರಲ್ಲಿ ಗೋಪಾಳದ ಕಡೆ ಒಂದು ಮನೆ ತೆಗೆದುಕೊಂಡೆವು. ನೋಡಿದ್ದು ಏಪ್ರಿಲ್‌ನಲ್ಲಿ. ಹೊಸ ಪೇಂಟಿನ ವಾಸನೆ ಇನ್ನೂ ಹೋಗಿರಲಿಲ್ಲ, ಗೋಡೆ ಎಲ್ಲ ಫಳಫಳ. ಜೂನ್‌ಗೆ ಒಂದು ಮೇಷ್ಟ್ರ ಸಂಸಾರ ಬಾಡಿಗೆಗೆ ಬಂತು. ಜುಲೈ ಮೂರನೇ ವಾರ ಆ ಮನೆಯಾಕೆ ಫೋನ್ ಮಾಡಿ, "ಅಕ್ಕಾ, ಒಂದು ಸಲ ಬಂದು ನೋಡಿ" ಅಂದರು. ಹೋದೆ. ರೂಮಿನ ಬೀರು ಪಕ್ಕಕ್ಕೆ ಸರಿಸಿದ್ದರು. ಹಿಂದಿನ ಗೋಡೆ ಪೂರ್ತಿ ಕಪ್ಪು ಬೂಸ್ಟು. ಬೆರಳು ಒತ್ತಿದರೆ ಗಾರೆ ಒದ್ದೆ ಅವಲಕ್ಕಿ ಹಾಗೆ ಉದುರುತ್ತಿತ್ತು. ಮಗುವಿನ ಪುಸ್ತಕಗಳನ್ನು ಒಲೆ ಹತ್ತಿರ ಒಣಗಲು ಹರಡಿದ್ದರು. ಅವರು ಒಂದು ಜೋರು ಮಾತೂ ಆಡಲಿಲ್ಲ, ನನಗೆ ಅದೇ ಜಾಸ್ತಿ ಸಂಕಟ ಆಯ್ತು. ಆಮೇಲೆ ಗೊತ್ತಾಯಿತು, ತಾರಸಿಯ ಇಳಿಜಾರೇ ತಪ್ಪು. ನೀರು ಪೈಪಿನ ಕಡೆ ಹೋಗದೆ ಆ ಮೂಲೆಯಲ್ಲೇ ನಿಲ್ಲುತ್ತಿತ್ತು. ಮೇಲೆ ಕಬ್ಬಿಣದ ಫ್ರೇಮ್ ನಿಲ್ಲಿಸಿ ಶೀಟ್ ಹಾಕಿಸಿದೆವು. ಆರು ತಿಂಗಳ ಬಾಡಿಗೆ ಅದಕ್ಕೇ ಹೋಯಿತು.

ಹಾಗಾಗಿ ಜುಲೈನಲ್ಲಿ ಎರಡು ದಿನ ರಜೆ ಹಾಕಿ ಬನ್ನಿ. ಮಳೆ ಬರುವಾಗಲೇ ತಾರಸಿ ಹತ್ತಿ, ನೀರು ಎಲ್ಲಿ ನಿಲ್ಲುತ್ತದೆ ನೋಡಿ. ಬೀರುವಿನ ಹಿಂದೆ, ಸಿಂಕಿನ ಕೆಳಗೆ ಕೈ ಇಡಿ. ಹೆಂಚಿನ ಮನೆಯಾದರೆ ರೀಪುಗಳಿಗೆ ಗೆದ್ದಲು ಹತ್ತಿದೆಯಾ, ಆ ಬೀದಿಯಲ್ಲಿ ಮಂಗಗಳ ಕಾಟ ಇದೆಯಾ ವಿಚಾರಿಸಿ. ಹೊಳೆ ಹತ್ತಿರದ ತಗ್ಗಿನ ಬಡಾವಣೆಯಾದರೆ ಎದುರು ಮನೆ ಅಜ್ಜಿಯನ್ನು ಮಾತಾಡಿಸಿ. 2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿದಾಗ ನೀರು ಎಲ್ಲಿವರೆಗೆ ಬಂದಿತ್ತು ಅಂತ ಅವರು ಗೋಡೆ ಮೇಲೆ ಕೈಯಿಟ್ಟು ತೋರಿಸುತ್ತಾರೆ. ಬ್ರೋಕರ್ ಹೇಳೋದಿಲ್ಲ.

ಏರಿಯಾ ವಿಷಯ. "ಏರ್‌ಪೋರ್ಟ್ ಹತ್ತಿರ" ಅಂತ ಸೋಗಾನೆ ಕಡೆ ತೋರಿಸುವವರು ಸಿಗುತ್ತಾರೆ. ವಿಮಾನ ನಿಲ್ದಾಣ 2023ರಲ್ಲಿ ಶುರುವಾಯಿತು, ಸಂತೋಷವೇ. ಆದರೆ ಬಾಡಿಗೆಗೆ ಬರೋರು ದಿನಾ ಕೆಲಸಕ್ಕೆ, ಸ್ಕೂಲಿಗೆ ಹೋಗಿ ಬರುವ ಜನ ಅಲ್ವಾ? ಸಾಗರ ರಸ್ತೆಯ ಮೆಡಿಕಲ್ ಕಾಲೇಜು, ನವುಲೆಯ ಇಂಜಿನಿಯರಿಂಗ್ ಕಾಲೇಜು, ಬಸ್ ಸ್ಟಾಪು, ಇವುಗಳ ಆಸುಪಾಸು ನೋಡಿ.

ಕಾಗದಪತ್ರದಲ್ಲಿ ದಾಕ್ಷಿಣ್ಯ ಬೇಡ. ಮೂಲ ಪತ್ರ, ಇಸಿ (ಆಸ್ತಿ ಮೇಲೆ ಸಾಲ, ಋಣ ಇದೆಯಾ ತೋರಿಸುವ ಪತ್ರ), ಇ-ಖಾತೆ, ಕಂದಾಯ ರಸೀದಿ ಎಲ್ಲವನ್ನೂ ನಿಮ್ಮದೇ ವಕೀಲರಿಗೆ ತೋರಿಸಿ, ಮಾರುವವರು ಹೇಳಿದ ವಕೀಲರಿಗಲ್ಲ. ಪಂಚಾಯಿತಿ ವ್ಯಾಪ್ತಿಯಾದರೆ ಪಂಚಾಯಿತಿ ಕೊಡುವ ಆಸ್ತಿ ದಾಖಲೆಗಳಾದ ನಮೂನೆ 9 ಮತ್ತು 11ಎ ಇರಬೇಕು. ಸರಿಯಾದ ಅನುಮೋದನೆ ಇಲ್ಲದ ಆಸ್ತಿಗೆ ಕೊಡುವ 11ಬಿ ತೋರಿಸಿದರೆ ಅಲ್ಲಿಂದಲೇ ವಾಪಸ್ ಬನ್ನಿ.

ತೆರಿಗೆಯಲ್ಲಿ ಬಾಡಿಗೆಯಿಂದ ಕಂದಾಯ ಕಳೆದು, ಉಳಿದದ್ದರಲ್ಲಿ ಶೇ 30 ನೇರವಾಗಿ ಬಿಡುತ್ತಾರೆ. ಸಾಲದ ಬಡ್ಡಿಯನ್ನೂ ಕಳೆಯಬಹುದು. ಆದರೆ ಹೊಸ ತೆರಿಗೆ ಪದ್ಧತಿಯಲ್ಲಿ ಆ ಲೆಕ್ಕ ನಷ್ಟಕ್ಕೆ ಇಳಿದರೆ ಅದನ್ನು ಸಂಬಳದಲ್ಲಿ ಕಳೆಯಲು ಬರೋದಿಲ್ಲ.

ಬಾಡಿಗೆದಾರರು ಬಂದ ಮೇಲೆ 11 ತಿಂಗಳ ಕರಾರು ಬರೆಸಿ. ಮೆಸ್ಕಾಂ ಆರ್‌ಆರ್ ನಂಬರ್ (ಕರೆಂಟ್ ಬಿಲ್ಲಿನಲ್ಲಿರುವ ಸಂಪರ್ಕದ ನಂಬರ್) ಕೊಟ್ಟು ಗೃಹಜ್ಯೋತಿ ಮಾಡಿಸಿಕೊಳ್ಳಲು ಬಿಡಿ, ಮನೆ ಬಿಡುವಾಗ ಆ ನಂಬರಿನಿಂದ ಅವರ ಆಧಾರ್ ಡಿ-ಲಿಂಕ್ ಆಗಿದೆಯಾ ನೋಡಿಯೇ ಅಡ್ವಾನ್ಸ್ ವಾಪಸ್ ಕೊಡಿ. ನೀವು ಬೆಂಗಳೂರಿನಲ್ಲಿ ಇರುವುದರಿಂದ ಪ್ಲಂಬರ್, ಎಲೆಕ್ಟ್ರಿಷಿಯನ್ ನಂಬರ್ ಬಾಡಿಗೆದಾರರ ಹತ್ತಿರವೇ ಇರಲಿ, ದುಡ್ಡು ನೀವು ಫೋನ್‌ಪೇ ಮಾಡಿ. ಆ ಮೇಷ್ಟ್ರ ಸಂಸಾರ ಅಷ್ಟಾದ ಮೇಲೂ ನಮ್ಮ ಮನೆಯಲ್ಲಿ ಏಳು ವರ್ಷ ಇತ್ತು. ಶೀಟ್ ಹಾಕಿಸಿದ ದಿನ ಆಕೆ ಕೆಲಸದವರಿಗೆಲ್ಲ ಕಾಫಿ ಮಾಡಿ ಕೊಟ್ಟಿದ್ದರು.